ಅಕ್ಕಾರು ತಪ್ಪು ಓದಿದ ತೀರ್ಪು

ನಾನು ಕಾನೂನು ಪದವಿ ಮುಗಿಸಿ ಹೊರಬಿದ್ದ ಹೊತ್ತಿಗೆ ಹೈದರಾಬಾದಿನಲ್ಲಿ ಎಲ್ಲಿ ನೋಡಿದರೂ ಕಂಪ್ಯೂಟರಿನದೇ ಮಾತು. ಅಮೀರ್‌ಪೇಟೆಯ ಕಟ್ಟಡಗಳ ಮೈತುಂಬ ಜಾವಾ ಕಲಿಸುವ ಬೋರ್ಡುಗಳು. ಮಾದಾಪುರದ ಬಂಡೆಗಳ ನಡುವೆ ದಿನಕ್ಕೊಂದರಂತೆ ಏಳುತ್ತಿದ್ದ ಗಾಜಿನ ಗೋಡೆಗಳು. ನನ್ನ ಜೊತೆ ಕಾಲೇಜು ಕಲಿತವರು ಕೊರಳಲ್ಲಿ ಗುರುತಿನ ಕಾರ್ಡು ತೂಗಿಬಿಟ್ಟುಕೊಂಡು ಕಂಪನಿ ಬಸ್ಸು ಹತ್ತುತ್ತಿದ್ದರು. ನಾನು ಕಪ್ಪು ಕೋಟು ಹೊಲಿಸಿಕೊಂಡು, ಯಾವ ಹಿರಿಯ ವಕೀಲರ ಕಚೇರಿಯಲ್ಲಿ ಜಾಗ ಸಿಗಬಹುದು ಎಂದು ಅಲೆಯುತ್ತಿದ್ದೆ. ಹುಡುಗಿಯರನ್ನು ಸೇರಿಸಿಕೊಳ್ಳಲು ಹಿಂದೆಮುಂದೆ ನೋಡುವವರೇ ಹೆಚ್ಚು. ಸೇರಿಸಿಕೊಂಡವರೂ ಫೈಲು ಹೊರುವ ಕೆಲಸ ಬಿಟ್ಟು ಬೇರೇನೂ ಕೊಡುತ್ತಿರಲಿಲ್ಲ.

ನಮ್ಮಪ್ಪ ಧಾರವಾಡದ ಕಡೆಯವರು, ಬಾಲಾನಗರದ ಒಂದು ಸರಕಾರಿ ಕಾರ್ಖಾನೆಯಲ್ಲಿ ಫೋರ್‌ಮನ್ ಆಗಿದ್ದರು. ನಾನು ಹುಟ್ಟಿ ಬೆಳೆದದ್ದೆಲ್ಲ ಹೈದರಾಬಾದಿನಲ್ಲೇ. ಮನೆಯೊಳಗೆ ಕನ್ನಡ, ಓಣಿಯಲ್ಲಿ ತೆಲುಗು, ಬಜಾರಿನಲ್ಲಿ ಹಿಂದಿ. ನನ್ನ ಅಲೆದಾಟ ನೋಡಿ ಅಪ್ಪ ಒಂದು ದಿನ ಒಬ್ಬರ ಹೆಸರು ಹೇಳಿದರು.

"ನಮ್ಮ ಫ್ಯಾಕ್ಟರಿಯೊಳಗ ಲಾ ಆಫೀಸರ್ ಇದ್ದರು. ಈಗ ರಿಟೈರ್ ಆಗ್ಯಾರ. ವಿಜಾಪುರದವರು. ಹೋಗಿ ಕಾಣು. ಆದ್ರ ಸುಳ್ಳು ಒಂದೂ ಹೇಳಬ್ಯಾಡ, ಅವರಿಗೆ ಗೊತ್ತಾಗ್ತೈತಿ."

ಅವರ ಬಗ್ಗೆ ಅಪ್ಪನಿಗೆ ಅಷ್ಟು ಗೌರವ ಏಕೆಂದು ಅಮ್ಮ ಆಮೇಲೆ ಹೇಳಿದಳು. ಅಪ್ಪನ ವಿಭಾಗದ ಒಬ್ಬ ಕೆಲಸಗಾರನನ್ನು ತೆಗೆದುಹಾಕಲು ಆಡಳಿತ ಮಂಡಳಿ ಹೊರಟಾಗ, ಆಡಳಿತದ ಸಂಬಳ ತಿನ್ನುತ್ತಿದ್ದ ಈ ಹೆಂಗಸೇ ಎದ್ದು ನಿಂತು, ಇದು ಕೋರ್ಟಿನಲ್ಲಿ ನಿಲ್ಲುವುದಿಲ್ಲ, ನಿಲ್ಲಬಾರದು ಕೂಡ ಎಂದು ಬರೆದುಕೊಟ್ಟಿದ್ದರಂತೆ. ಆ ಕೆಲಸಗಾರ ಉಳಿದ. ಇವರ ಬಡ್ತಿ ಮಾತ್ರ ನಿಂತಿತು.

ನಾರಾಯಣಗೂಡದ ಒಂದು ಹಳೆಯ ಮನೆಯ ಮಹಡಿಯಲ್ಲಿ ಅವರಿದ್ದರು. ಕೆಳಗೆ ಟ್ಯೂಷನ್ ಸೆಂಟರು. ಮೆಟ್ಟಿಲಿನ ತುಂಬ ಹುಡುಗರ ಚಪ್ಪಲಿಗಳು. ಮದುವೆಯಾಗಿರಲಿಲ್ಲ. ಎತ್ತರದ ಆಳು, ಬಾಚಿ ಗಂಟು ಹಾಕಿದ ಬಿಳಿಗೂದಲು, ಇಳಕಲ್ ಸೀರೆ, ಕಾಲಲ್ಲಿ ಕ್ಯಾನ್ವಾಸ್ ಬೂಟು. ನಮ್ಮ ಕಡೆ ಶಾಲೆಯ ಟೀಚರನ್ನು ಕರೆಯುವ ಹಾಗೆ ಅವರನ್ನು ಮೊದಲ ದಿನವೇ ಅಕ್ಕಾರ ಎಂದುಬಿಟ್ಟೆ. ಅವರು ನಕ್ಕರು.

"ಅಕ್ಕಾರ ಅನ್ನಿಸಿಕೊಂಡು ಭಾಳ ವರ್ಷ ಆತವಾ. ಕೂಡು. ನನ್ನ ಹತ್ರ ಕೇಸಿಲ್ಲ, ವಕೀಲಿ ಸನ್ನದೂ ಮೂಲ್ಯಾಗ ಬಿದ್ದೈತಿ. ಆದ್ರ ಒಂದು ಕೆಲಸ ಐತಿ. ನಿನಗ ಟೈಪ್ ಬರ್ತೈತೇನು?"

ಬರುತ್ತದೆ ಅಂದೆ. ಆ ಕೆಲಸ ಒಂದು ವೆಬ್‌ಸೈಟಿನದು. ಅಮೆರಿಕದಿಂದ ಮರಳಿದ್ದ ತೆಲುಗಿನ ಯುವಕನೊಬ್ಬ ಬೇಗಂಪೇಟೆಯಲ್ಲಿ ಮೂರನೇ ಮಹಡಿ ಬಾಡಿಗೆಗೆ ಹಿಡಿದು, ಕೋರ್ಟುಗಳ ಹೊಸ ತೀರ್ಪುಗಳನ್ನೂ ಸರಕಾರದ ನಿಯಂತ್ರಣ ಸಂಸ್ಥೆಗಳು ಕಂಪನಿಗಳಿಗೆ ಹಾಕುವ ದಂಡಗಳನ್ನೂ ಎಲ್ಲರಿಗೂ ತಿಳಿಯುವ ಇಂಗ್ಲಿಷಿನಲ್ಲಿ ಇಂಟರ್ನೆಟ್ಟಿಗೆ ಏರಿಸುವ ಕಂಪನಿ ತೆರೆದಿದ್ದ. ತೀರ್ಪಿನ ಕೆಳಗೆ ಅನುಭವಿ ವಕೀಲರ ಅಭಿಪ್ರಾಯ ಇರಬೇಕೆಂಬುದು ಅವನ ಯೋಚನೆ. ಹಾಗೆ ಬರೆಯುವವರು ಕೆಲವರಿದ್ದರು. ಎಲ್ಲರೂ ಫೋನಿನಲ್ಲಿ ಎರಡು ಮಾತು ಹೇಳಿ ಮುಗಿಸುತ್ತಿದ್ದರು. ಕಚೇರಿಗೇ ಬಂದು, ತೀರ್ಪನ್ನು ಮೊದಲಿನಿಂದ ಕಡೆಯವರೆಗೆ ಓದಿ, ಆಮೇಲೆ ಬಾಯಿ ತೆರೆಯುತ್ತಿದ್ದವರು ಅಕ್ಕಾರು ಒಬ್ಬರೇ. ಅವರು ಹೇಳುವುದನ್ನು ಟೈಪ್ ಮಾಡುವ ಕೆಲಸಕ್ಕೆ ನಾನು ಸೇರಿಕೊಂಡೆ.

ಆ ಕಚೇರಿಯಲ್ಲಿ ನಾನು ಕಲಿತ ಕಾನೂನು ಕಾಲೇಜಿನಲ್ಲಿ ಕಲಿತದ್ದಕ್ಕಿಂತ ಹೆಚ್ಚು. ಅವರು ಪೆನ್ಸಿಲ್ ಹಿಡಿದು, ಗಟ್ಟಿಯಾಗಿ ಓದುತ್ತಿದ್ದರು. ಸುತ್ತಲಿನ ಹುಡುಗರು ಕೀಲಿಮಣೆ ಕುಟ್ಟುತ್ತಿದ್ದರೆ ಇವರ ದನಿ ದೇವರ ಮನೆಯಲ್ಲಿ ಪಾರಾಯಣ ಮಾಡುವವರ ದನಿಯಂತೆ ನಡೆದೇ ಇರುತ್ತಿತ್ತು. ಮುಗಿದ ಮೇಲೆ ಕನ್ನಡಕ ತೆಗೆದು ನನ್ನನ್ನು ಕೇಳುವ ಪ್ರಶ್ನೆ ಒಂದೇ. "ಈ ತೀರ್ಪು ಬಂತು. ನಾಳೆ ಮುಂಜಾನೆ ಯಾರ ಮನ್ಯಾಗ ಏನು ಬದಲಾಗ್ತೈತಿ, ಹೇಳು." ನಾನು ಪುಸ್ತಕದ ಭಾಷೆಯಲ್ಲಿ ಏನಾದರೂ ಹೇಳಿದರೆ, "ಅದಲ್ಲ, ಮನ್ಯಾಗ ಅಂದೆ" ಎನ್ನುತ್ತಿದ್ದರು. ದಂಡದ ಸುದ್ದಿಗಳ ಮೇಲೆ ಅವರಿಗೆ ಅಷ್ಟು ಮೋಹವಿರಲಿಲ್ಲ. ಮಾಲೀಕನಿಗೆ ಇತ್ತು. ಎಷ್ಟು ದೊಡ್ಡ ದಂಡವೋ ಅಷ್ಟು ಜನ ಆ ಪುಟ ತೆರೆಯುತ್ತಾರೆ ಎಂದು ಅವನ ಲೆಕ್ಕ. ಅದೂ ಸುಳ್ಳಾಗಿರಲಿಲ್ಲ.

ಹೀಗಿರುವಾಗ ಜೀಡಿಮೆಟ್ಲಾದ ಒಂದು ಕಾರ್ಖಾನೆಯ ತೀರ್ಪು ಬಂತು. ಔಷಧಿಗೆ ಬೇಕಾದ ರಾಸಾಯನಿಕ ತಯಾರಿಸುವ ಮಧ್ಯಮ ಗಾತ್ರದ ಕಾರ್ಖಾನೆ. ಅದು ಹೊರಗೆ ಬಿಡುತ್ತಿದ್ದ ನೀರಿನಿಂದ ಪಕ್ಕದ ಕಾಲನಿಯ ಬಾವಿ, ಬೋರುಗಳೆಲ್ಲ ಕೆಟ್ಟಿದ್ದವು. ಮಾಲಿನ್ಯ ನೋಡಿಕೊಳ್ಳುವ ಸರಕಾರಿ ಅಧಿಕಾರಿಗಳು ದಂಡ ಹಾಕಿದ್ದರು. ಕಾರ್ಖಾನೆ ಹೈಕೋರ್ಟಿಗೆ ಹೋಗಿತ್ತು. ಹೈಕೋರ್ಟು ಅದರ ಮೇಲ್ಮನವಿ ತಳ್ಳಿಹಾಕಿ ದಂಡವನ್ನು ಎತ್ತಿಹಿಡಿದಿತ್ತು. ಅಂಥ ದಂಡ ಆಗ ಅಪರೂಪ. ತೀರ್ಪಿನ ಪ್ರತಿ ಕೈಗೆ ಬಂದಾಗ ಮಾಲೀಕ ಅದನ್ನು ತಾನೇ ಹಿಡಿದುಕೊಂಡು ಓಡಿಬಂದ.

ಅಕ್ಕಾರು ಓದಿದರು. ಓದುತ್ತ ಓದುತ್ತ ಅವರ ಮುಖ ಅರಳಿದ್ದನ್ನು ನಾನು ನೋಡಿದೆ. ಒಂದು ಕಡೆ ಪೆನ್ಸಿಲಿನಿಂದ ಗೆರೆ ಎಳೆದು ನನ್ನತ್ತ ತಿರುಗಿಸಿದರು. ದಂಡದ ಹಣವನ್ನು ಕೆಟ್ಟ ನೀರಿನಿಂದ ತೊಂದರೆಗೊಳಗಾದ ಜನರಿಗೆ ಕುಡಿಯುವ ನೀರು ಒದಗಿಸಲು ಬಳಸಬೇಕು ಎಂಬರ್ಥದ ಸಾಲುಗಳು ಅಲ್ಲಿದ್ದವು.

"ನೋಡಿದೇನು? ಇದು ಬರೇ ದಂಡ ಅಲ್ಲ. ನಾಳೆ ಆ ಕಾಲನಿಯೊಳಗ ನೀರು ಬರ್ತೈತಿ. ಇಂಥಾ ತೀರ್ಪು ಓದಾಕ ನಾನು ಎಷ್ಟು ವರ್ಷದಿಂದ ಕಾಯಾಕತ್ತಿದ್ದೆ."

ಅವತ್ತು ಅವರು ಹೇಳಿ ಬರೆಸಿದ್ದು ಎಂದಿನಂತೆ ಒಣಗಿದ ಭಾಷೆಯಲ್ಲಿರಲಿಲ್ಲ. ಅದರಲ್ಲಿ ಸಂತೋಷವಿತ್ತು. ಮರುದಿನ ಒಂದು ತೆಲುಗು ದಿನಪತ್ರಿಕೆ ಅದನ್ನೇ ಎತ್ತಿಕೊಂಡು, ದಂಡದ ಹಣದಿಂದ ಕಾಲನಿಗೆ ನೀರು ಎಂದು ದಪ್ಪಕ್ಷರದಲ್ಲಿ ಹಾಕಿತು. ಮಾಲೀಕ ಎಲ್ಲರಿಗೂ ಬ್ರೆಡ್ಡಿನ ಸಿಹಿ, ಡಬಲ್ ಕಾ ಮೀಠಾ ತರಿಸಿದ.

ಆ ವಾರದ ಕೊನೆಗೆ ಒಂದು ಸಂಜೆ ಕಚೇರಿಯ ಟೀವಿ ಹಾಕಿದ್ದರು. ತೆಲುಗಿನ ಒಂದು ವಾಹಿನಿಯಲ್ಲಿ ಹೆಸರುವಾಸಿ ಹಿರಿಯ ವಕೀಲರೊಬ್ಬರು ಹೊಸ ತೀರ್ಪುಗಳ ಬಗ್ಗೆ ಮಾತನಾಡುತ್ತಿದ್ದರು. ಮಾತು ಚುರುಕು, ಸ್ವಲ್ಪ ಕೊಂಕು. ಜೀಡಿಮೆಟ್ಲಾದ ತೀರ್ಪಿನ ಮಾತು ಬಂದಾಗ ಅವರು ನಕ್ಕು ಹೇಳಿದರು. "ಕೆಲವರು ವಕೀಲರ ಬಾಯಿಯ ಮಾತನ್ನು ಜಡ್ಜ್‌ಗಳ ಬಾಯಿಗೆ ತುರುಕಿದ್ದಾರೆ. ಇಂಟರ್ನೆಟ್ ಕಾಲ ಇದು, ಓದುವ ಮೊದಲೇ ಬರೆಯುತ್ತಾರೆ."

ಅಕ್ಕಾರು ಟೀವಿ ನೋಡುತ್ತಲೇ ಕೈಚಾಚಿ, "ಆ ತೀರ್ಪು ಕೊಡು" ಎಂದರು. ಕೊಟ್ಟೆ. ಈ ಸಲ ಗಟ್ಟಿಯಾಗಿ ಓದಲಿಲ್ಲ. ಗೆರೆ ಎಳೆದ ಜಾಗದಿಂದ ಹಿಂದಕ್ಕೆ ಹೋದರು, ಇನ್ನೂ ಹಿಂದಕ್ಕೆ ಹೋದರು. ಕೊನೆಗೆ ಒಂದು ಪುಟದ ತಳದಲ್ಲಿ ಬೆರಳಿಟ್ಟು ನಿಂತರು.

"ಅವರು ಹೇಳಿದ್ದು ಖರೆ ಐತಿ" ಅಂದರು.

ಆಗಿದ್ದು ಇಷ್ಟು. ತೀರ್ಪು ಬರೆಯುವಾಗ ನ್ಯಾಯಾಧೀಶರು ಮೊದಲು ಎರಡೂ ಕಡೆಯ ವಕೀಲರು ಏನು ವಾದಿಸಿದರು ಎಂಬುದನ್ನು ಹೇಳುತ್ತಾರೆ, ಆಮೇಲೆ ತಮ್ಮ ತೀರ್ಮಾನ ಕೊಡುತ್ತಾರೆ. ನೀರಿನ ಮಾತು ಇದ್ದದ್ದು ಅಧಿಕಾರಿಗಳ ಪರವಾಗಿ ವಾದಿಸಿದ ವಕೀಲರ ಬಿನ್ನಹದಲ್ಲಿ. ಆ ಬಿನ್ನಹ ಹಿಂದಿನ ಪುಟದಲ್ಲಿ ಶುರುವಾಗಿ ಹಲವು ಪ್ಯಾರಾಗಳಲ್ಲಿ ಹರಿದಿತ್ತು. ಅಕ್ಕಾರು ಅದನ್ನು ಕೋರ್ಟಿನ ಆದೇಶ ಎಂದು ಓದಿದ್ದರು. ಕೋರ್ಟು ಆದೇಶ ಮಾಡಿದ್ದು ಒಂದೇ, ದಂಡ ಸರಿ ಇದೆ ಎಂದು. ಹಣ ಹೋಗುವುದು ಸರಕಾರದ ಖಜಾನೆಗೆ. ಕಾಲನಿಗೆ ಒಂದು ಕೊಡ ನೀರೂ ಇಲ್ಲ.

"ಝೆರಾಕ್ಸ್ ಮಸುಕಾಗಿತ್ರಿ ಅಕ್ಕಾರ" ಅಂದೆ ನಾನು.

"ಝೆರಾಕ್ಸ್ ಛಲೋ ಐತಿ. ನನಗ ನೀರು ಬರಬೇಕಾಗಿತ್ತು, ಅದಕ್ಕ ನೀರು ಕಂಡೆ. ಅಷ್ಟ."

ಮಾಲೀಕ ಕೆಟ್ಟವನಲ್ಲ. ಅವನಿಗೂ ಮುಜುಗರವಾಗಿತ್ತು. ಅವನು ಪಕ್ಕದಲ್ಲಿ ಕುರ್ಚಿ ಎಳೆದುಕೊಂಡು ಹಿಂದಿಯಲ್ಲಿ ಸಮಾಧಾನ ಹೇಳಿದ. ಇದೇನು ಅಚ್ಚಾದ ಪತ್ರಿಕೆ ಅಲ್ಲ ಮೇಡಂ, ಈಗಲೇ ಆ ಸಾಲು ತೆಗೆದು ಬೇರೆ ಹಾಕೋಣ, ಮೊದಲು ಏನಿತ್ತು ಎಂದು ಯಾರಿಗೂ ಗೊತ್ತಾಗುವುದಿಲ್ಲ, ಇಂಟರ್ನೆಟ್ಟಿನ ಲಾಭವೇ ಅದು ಎಂದ. ಅವನ ಕಂಪನಿಗೆ ಹಣ ಹಾಕುವವರು ಮುಂದಿನ ವಾರ ಮುಂಬೈಯಿಂದ ಬರುವವರಿದ್ದರು. ಅದೂ ಅವನ ತಲೆಯಲ್ಲಿತ್ತು.

ಅಕ್ಕಾರು ಅವನಿಗೆ ಹಿಂದಿಯಲ್ಲೇ ಉತ್ತರ ಕೊಟ್ಟರು. ಅವರ ಹಿಂದಿ ವಿಜಾಪುರದ ದಖನಿ. ಗಟ್ಟಿಯಾಗಿ ಮಾತನಾಡಲೇ ಇಲ್ಲ. "ಬೇಟಾ, ಯಾರಿಗೂ ಗೊತ್ತಾಗದ ಹಾಗೆ ತಿದ್ದಿದರೆ ಅದು ತಿದ್ದುವುದಲ್ಲ, ಮುಚ್ಚುವುದು. ನಾನು ಬರೆದದ್ದು ಹಾಗೇ ಇರಲಿ. ಅದರ ತಲೆಯ ಮೇಲೆ, ಅಷ್ಟೇ ದೊಡ್ಡ ಅಕ್ಷರದಲ್ಲಿ, ನಾನು ತಪ್ಪು ಓದಿದೆ ಅಂತ ಹಾಕು. ಆಗಲ್ಲ ಅಂದರೆ ನಿನ್ನ ಮೇಲೆ ಸಿಟ್ಟಿಲ್ಲ, ನನ್ನ ಹೆಸರು ತೆಗೆದುಬಿಡು."

ಅವನು ಕುರ್ಚಿ ಹಿಂದಕ್ಕೆ ಸರಿಸಿ ಎದ್ದ. ಆಮೇಲೆ ನನಗೆ, "ಅವರು ಹೇಳಿದ ಹಾಗೆ ಹಾಕು" ಎಂದ. ಅವನ ಬಗ್ಗೆ ನನಗೆ ಇವತ್ತಿಗೂ ಒಳ್ಳೆಯ ಭಾವನೆ ಉಳಿದಿರುವುದು ಆ ಮಾತಿನಿಂದ. ಟೀವಿಯ ವಕೀಲರಿಗೂ ಅಕ್ಕಾರು ಒಂದು ಇ-ಮೇಲ್ ಬರೆಸಿದರು. ನೀವು ಹೇಳಿದ್ದು ಸರಿ, ತಿದ್ದಿದ್ದೇನೆ, ಉಪಕಾರವಾಯಿತು, ಇಷ್ಟೇ.

ನನ್ನ ಮಟ್ಟಿಗೆ ವಿಷಯ ಅಲ್ಲಿಗೆ ಮುಗಿದಿತ್ತು. ಅಕ್ಕಾರಿಗೆ ಮುಗಿದಿರಲಿಲ್ಲ. ಹೊರಡುವಾಗ ಅವರು ಚೀಲ ಹೆಗಲಿಗೆ ಹಾಕಿಕೊಂಡು, "ರವಿವಾರ ಖಾಲಿ ಇದ್ದೀಯೇನು? ಜೀಡಿಮೆಟ್ಲಾಕ್ಕ ಹೋಗೂಣು" ಅಂದರು.

"ಯಾಕ್ರಿ?"

"ಆ ಮಂದಿ ಇಂಟರ್ನೆಟ್ ಓದ್ತಾರೇನು? ಅವರು ಓದಿದ್ದು ಪೇಪರು. ಪೇಪರಿನ್ಯಾಗ ನೀರು ಬರ್ತೈತಿ ಅಂತ ಐತಿ."

ಭಾನುವಾರ ಬೆಳಿಗ್ಗೆ ನಾವು ಬಾಲಾನಗರದವರೆಗೆ ಬಸ್ಸಿನಲ್ಲಿ ಹೋಗಿ ಅಲ್ಲಿಂದ ಆಟೋ ಹಿಡಿದೆವು. ಜೀಡಿಮೆಟ್ಲಾ ಹತ್ತಿರ ಬರುತ್ತಿದ್ದಂತೆ ಗಾಳಿಗೆ ಒಂದು ಹುಳಿ ವಾಸನೆ ಸೇರಿಕೊಳ್ಳುತ್ತದೆ. ಅಲ್ಲಿನವರಿಗೆ ಅದು ಗೊತ್ತಾಗುವುದಿಲ್ಲ. ಕಾಲನಿಯೆಂದರೆ ತಗಡಿನ ಚಾವಣಿಯ, ಅರ್ಧಂಬರ್ಧ ಗಾರೆಯ ಮನೆಗಳು. ಬೀದರ್, ಹುಮನಾಬಾದ್, ಮೆಹಬೂಬ್‌ನಗರ ಕಡೆಯಿಂದ ಬಂದು ಕಾರ್ಖಾನೆಗಳಲ್ಲಿ ದುಡಿಯುವ ಸಂಸಾರಗಳು. ಬಾವಿಯ ನೀರು ತೆಳುವಾಗಿ ಕಾಸಿದ ಚಹದ ಬಣ್ಣಕ್ಕಿತ್ತು. ಅದರಲ್ಲಿ ಅವರು ಪಾತ್ರೆ ತೊಳೆಯುತ್ತಿದ್ದರು. ಕುಡಿಯುವ ನೀರಿಗೆ ರೈಲು ಹಳಿ ದಾಟಿ ಹೋಗಬೇಕಾಗಿತ್ತು.

ಚಹದಂಗಡಿಯ ಕಂಬಕ್ಕೆ ಆ ಪತ್ರಿಕೆಯ ತುಂಡನ್ನು ಅಂಟಿಸಿದ್ದರು. ಅಕ್ಕಾರು ಅದನ್ನು ಮೊದಲಿನಿಂದ ಕಡೆಯವರೆಗೆ ಓದಿದರು. ಆಮೇಲೆ ಅಂಗಡಿಯವನಿಗೆ ಹೇಳಿ ಜನರನ್ನು ಕರೆಸಿದರು. ಗಣೇಶನನ್ನು ಕೂರಿಸುವ ಕಟ್ಟೆಯ ಸುತ್ತ ಒಂದಷ್ಟು ಹೆಂಗಸರು ಗಂಡಸರು ಸೇರಿದರು. ಅಕ್ಕಾರು ನಿಂತುಕೊಂಡೇ, ಮೊದಲು ತೆಲುಗಿನಲ್ಲಿ, ಆಮೇಲೆ ಹಿಂದಿಯಲ್ಲಿ, ಕೊನೆಗೆ ಕನ್ನಡದಲ್ಲಿ ಹೇಳಿದರು. ಈ ಪೇಪರಿನಲ್ಲಿ ಬಂದದ್ದು ನಾನು ಬರೆದದ್ದು, ನಾನು ತಪ್ಪಾಗಿ ಓದಿ ಬರೆದೆ, ಕೋರ್ಟು ನಿಮಗೆ ನೀರು ಕೊಡಿ ಎಂದು ಹೇಳಿಲ್ಲ.

ಮೊದಲು ಯಾರೂ ನಂಬಲಿಲ್ಲ. ಹಿಂದಿನಿಂದ ಒಬ್ಬ ಗಂಡಸು, ಕಂಪನಿಯವರು ಎಷ್ಟು ಕೊಟ್ಟು ಕಳಿಸಿದರು ಎಂದು ಕೂಗಿದ. ಮುಂದೆ ಕೂತಿದ್ದ ಹುಮನಾಬಾದ್ ಕಡೆಯ ಹೆಂಗಸೊಬ್ಬಳು ಎದ್ದಳು. ನಡುವಯಸ್ಸಿನವಳು, ಮಾತಿನ ಗಟ್ಟಿಗಿತ್ತಿ. ಅವಳ ಗಂಡ ಅದೇ ಕಾರ್ಖಾನೆಯಲ್ಲಿ ಡ್ರಮ್ಮು ಹೊರುವ ಕೆಲಸದಲ್ಲಿದ್ದ.

"ನಾವು ಮುನ್ಸಿಪಾಲ್ಟಿ ಮುಂದ ಧರಣಿ ಕೂತಿದ್ದೆವ್ರಿ" ಅಂದಳು. "ಪೇಪರ್ ನೋಡಿ ಎದ್ದು ಬಂದೇವ್. ಆಫೀಸರ್ ಟ್ಯಾಂಕರ್ ಕಳಸ್ತೀನಿ ಅಂದಿದ್ದ, ಈಗ ಕೋರ್ಟೇ ಕೊಡ್ತದಲ್ಲ ಅಂತ ಕೈ ಎತ್ತ್ಯಾನ. ನಿಮ್ಮ ಒಂದು ಮಾತಿಗೆ ನಾವು ಎರಡೂ ಕಡಿ ಕಳಕೊಂಡೇವ್. ಇದಕ್ಕ ಏನಂತೀರಿ?"

ನನಗೆ ಓಡಿಹೋಗಬೇಕೆನಿಸಿತು. ಅಕ್ಕಾರು ಕಟ್ಟೆಯ ಮೇಲೆ ಅವಳ ಪಕ್ಕದಲ್ಲೇ ಕೂತರು.

"ಏನನ್ನಲಿ ಅವ್ವಾ. ನೀ ಅಂದದ್ದು ಖರೆ ಐತಿ. ನನ್ನಿಂದ ಆಗೈತಿ. ಬೈಯೂದು ಇದ್ರ ಬೈರಿ, ಕೇಳಾಕ ಬಂದೀನಿ. ಆಮ್ಯಾಲ ಮುಂದೇನು ಮಾಡೂದು ಅನ್ನೂದು ಕೂಡೇ ನೋಡೂಣು."

ಅವರು ಬೈದರು, ಚೆನ್ನಾಗಿಯೇ ಬೈದರು. ಅಕ್ಕಾರು ಒಂದು ಮಾತಿಗೂ ಅಡ್ಡ ಬರಲಿಲ್ಲ. ಮಾತೆಲ್ಲ ಖಾಲಿಯಾದ ಮೇಲೆ ಅದೇ ಹೆಂಗಸು ಚಹ ತರಿಸಿದಳು. ಸಿಟ್ಟು ಇಳಿದಿರಲಿಲ್ಲ, ಆದರೆ ಮನೆ ಬಾಗಿಲಿಗೆ ಬಂದವರಿಗೆ ಚಹ ಕೊಡದೆ ಹೇಗೆ ಎಂಬ ಮುಖ ಅವಳದು. ಚಹ ಕುಡಿಯುತ್ತ ಅಕ್ಕಾರು ಆ ತೀರ್ಪನ್ನು ಬಿಚ್ಚಿ, ಯಾರ ಯಾರ ನಡುವೆ ಆ ಕೇಸು ನಡೆದಿತ್ತು ಎಂಬುದನ್ನು ತೋರಿಸಿದರು. ಒಂದು ಕಡೆ ಕಾರ್ಖಾನೆ, ಇನ್ನೊಂದು ಕಡೆ ಸರಕಾರ.

"ಇದರಾಗ ನೀವು ಎಲ್ಲಿದ್ದೀರಿ?" ಅಂತ ಕೇಳಿದರು.

"ನಮ್ಮನ್ನ ಯಾರು ಕರೆದಾರ್ರಿ?" ಅಂದಳು ಅವಳು.

"ಅದಕ್ಕ ಅಂತೀನಿ. ನೀರು ಕೊಡ್ರಿ ಅಂತ ನೀವು ಕೋರ್ಟಿಗೆ ಕೇಳಿಲ್ಲ. ಕೇಳದಿದ್ರ ಕೋರ್ಟು ಕೊಡೂದಿಲ್ಲ. ಈಗ ನಾವು ಹೋಗಿ ಕೇಳೂಣು."

"ಕೇಳಿದ್ರ ಫ್ಯಾಕ್ಟರಿ ಬಂದ್ ಮಾಡ್ತಾರೇನ್ರಿ? ಹಂಗ ಮಾಡಬ್ಯಾಡ್ರಿ. ನೀರಿಲ್ಲದ ಬದುಕಲತ್ತೇವ್, ಪಗಾರ ಇಲ್ಲದ ಹೆಂಗ್ ಬದುಕೋದು?"

ಅಕ್ಕಾರು ಆ ಮಾತನ್ನು ಬಹಳ ಹೊತ್ತು ಮನಸ್ಸಿನಲ್ಲಿ ಇಟ್ಟುಕೊಂಡರು ಅನ್ನಿಸುತ್ತದೆ. ಮರಳುವಾಗ ಆಟೋದಲ್ಲಿ ಅವರು ಆಡಿದ್ದು ಅದೊಂದನ್ನೇ. ದಂಡ ಬಂದಾಗ ನಾವೆಲ್ಲ ಕುಣಿದೆವು, ಆ ಹೆಣ್ಣುಮಗಳ ಪಗಾರದ ವಿಚಾರ ನಮ್ಮ ಯಾರ ಬರಹದಲ್ಲಿತ್ತು ಎಂದರು.

ಸರಕಾರಿ ಕಾರ್ಖಾನೆಯ ನೌಕರಿಗೆ ಸೇರುವಾಗ ಅವರು ವಕೀಲಿ ಸನ್ನದನ್ನು ಅಮಾನತಿನಲ್ಲಿಟ್ಟಿದ್ದರು. ನೌಕರಿಯಲ್ಲಿರುವವರು ಕೋರ್ಟಿನಲ್ಲಿ ವಾದಿಸುವಂತಿಲ್ಲ. ನಿವೃತ್ತಿಯ ನಂತರ ಅದನ್ನು ಮತ್ತೆ ತೆಗೆಸುವ ಗೋಜಿಗೆ ಹೋಗಿರಲಿಲ್ಲ. ಈಗ ಕಚೇರಿಯಿಂದ ಕಚೇರಿಗೆ ಓಡಾಡಿ ತೆಗೆಸಿದರು. ಟ್ರಂಕಿನಿಂದ ಹಳೆಯ ಗೌನು ಹೊರಗೆ ಬಂತು. ನುಸಿಗುಳಿಗೆಯ ವಾಸನೆ ಹೋಗಲೆಂದು ಅದನ್ನು ಮಹಡಿಯ ಹಗ್ಗಕ್ಕೆ ಒಣಹಾಕಿದಾಗ ಕೆಳಗಿನ ಟ್ಯೂಷನ್ ಮಕ್ಕಳು ಬಾಯಿ ಬಿಟ್ಟು ನೋಡಿದರು. "ಇಷ್ಟು ವಯಸ್ಸಾದ ಮ್ಯಾಲ ಮೊದಲನೇ ಕೇಸು, ಎದಿ ಡವ ಡವ ಅನ್ನಾಕತ್ತೈತಿ" ಎಂದು ಅವರು ನನ್ನೆದುರು ಒಪ್ಪಿಕೊಂಡರು. ಅರ್ಜಿಯನ್ನು ನಾವಿಬ್ಬರೂ ಅವರ ಊಟದ ಮೇಜಿನ ಮೇಲೆ ತಯಾರಿಸಿದೆವು. ಕಾಲನಿಯವರ ಪರವಾಗಿ ಆ ಹುಮನಾಬಾದಿನ ಹೆಂಗಸು ಸಹಿ ಹಾಕಿದಳು. ಕೇಳಿದ್ದು ಎರಡೇ. ಕಾಲನಿಗೆ ಶುದ್ಧ ನೀರು ಬೇಕು, ಕಾರ್ಖಾನೆ ನಡೆಯುತ್ತಲೇ ತನ್ನ ಕೊಳೆಯನ್ನು ತಾನು ಶುದ್ಧಿ ಮಾಡಿಕೊಳ್ಳಬೇಕು.

ಮೂಸಿ ನದಿಯ ದಂಡೆಯ ಹೈಕೋರ್ಟಿನಲ್ಲಿ ಆ ದಿನ ನಾನು ಅವರ ಹಿಂದೆ ನಿಂತಿದ್ದೆ. ಕಾರ್ಖಾನೆಯ ಪರ ವಕೀಲರು ದೊಡ್ಡ ಹೆಸರಿನವರು. ಅವರು ಎದ್ದವರೇ ನಮ್ಮ ವೆಬ್‌ಸೈಟಿನ ಪುಟದ ಪ್ರಿಂಟನ್ನು ಮೇಲೆತ್ತಿ ತೋರಿಸಿದರು. ಹಿಂದಿನ ತೀರ್ಪಿನಲ್ಲೇ ನೀರು ಕೊಡಲಾಗಿದೆ ಎಂದು ಈ ವಿದ್ವಾಂಸೆ ಸ್ವತಃ ಬರೆದಿದ್ದಾರೆ, ಇವತ್ತು ಕೊಟ್ಟಿಲ್ಲ ಎನ್ನುತ್ತಾರೆ, ಇವರ ಯಾವ ಮಾತನ್ನು ನಂಬಬೇಕು ಎಂದು ಇಂಗ್ಲಿಷಿನಲ್ಲಿ ನಯವಾಗಿ ಕೇಳಿದರು. ಕೋರ್ಟಿನಲ್ಲಿ ಸಣ್ಣ ನಗೆಯೊಂದು ಹರಿದಾಡಿತು.

ಅಕ್ಕಾರು ಅವಸರ ಮಾಡಲಿಲ್ಲ.

"ಆ ಪುಟದ ಮೇಲ್ಭಾಗವನ್ನೂ ದಯವಿಟ್ಟು ಓದಬೇಕು ಸ್ವಾಮಿ" ಎಂದರು. "ನಾನು ತಪ್ಪು ಓದಿದೆ ಎಂದು ಅಲ್ಲೇ ಬರೆದಿದ್ದೇನೆ. ನನ್ನ ತಪ್ಪು ಓದಿನಿಂದ ಈ ಜನ ಧರಣಿ ನಿಲ್ಲಿಸಿದರು, ಟ್ಯಾಂಕರ್ ಕಳೆದುಕೊಂಡರು. ನಾನಿಲ್ಲಿ ನಿಂತಿರುವ ಒಂದು ಕಾರಣ ಅದೇ."

ನ್ಯಾಯಾಧೀಶರು ಆ ಪ್ರಿಂಟನ್ನು ತರಿಸಿಕೊಂಡು ಓದಿದರು. ಕೆಳಗಿನದನ್ನೂ ಮೇಲಿನದನ್ನೂ. ಓದಿ ಪಕ್ಕಕ್ಕಿಟ್ಟು, ಇದು ಇಲ್ಲಿಗೆ ಸಾಕು, ನೀರಿನ ವಿಷಯ ಹೇಳಿ ಎಂದರು. ಆ ಸಣ್ಣ ನಗೆ ಮತ್ತೆ ಕೇಳಿಸಲಿಲ್ಲ.

ವಾದ ಅರ್ಧಕ್ಕೆ ಬಂದಾಗ, ದಂಡ ಕಟ್ಟಿದ ಮೇಲೆ ಮತ್ತೆ ನೀರಿನ ಹೊಣೆ ಹೊರಿಸಬಹುದೇ ಎಂದು ನ್ಯಾಯಾಧೀಶರು ಕೇಳಿದರು. ಕಷ್ಟದ ಪ್ರಶ್ನೆ. ಅಕ್ಕಾರು ಉತ್ತರ ಶುರು ಮಾಡುವಷ್ಟರಲ್ಲಿ ಪಕ್ಕದಿಂದ ಯಾರೋ ನನ್ನ ತೋಳು ಮುಟ್ಟಿದರು. ತಿರುಗಿದರೆ ಟೀವಿಯ ಆ ಹಿರಿಯ ವಕೀಲರು. ಬೇರೆ ಕೇಸಿಗೆ ಬಂದವರು ಹಿಂದಿನ ಬೆಂಚಿನಲ್ಲಿ ಕೂತು ಕೇಳುತ್ತಿದ್ದರಂತೆ. ಕೈಯಲ್ಲಿ ಒಂದು ಹಳೆಯ ತೀರ್ಪುಗಳ ಸಂಪುಟ, ನಡುವೆ ಬೆರಳು. "ಈ ಪುಟ ಅವರಿಗೆ ಕೊಡಮ್ಮ" ಎಂದು ತೆಲುಗಿನಲ್ಲಿ ಪಿಸುಗುಟ್ಟಿದರು. ಶಿಕ್ಷೆಯಾಗಿ ಕಟ್ಟುವ ದಂಡ ಬೇರೆ, ಕೆಡಿಸಿದ್ದನ್ನು ಸರಿಪಡಿಸುವ ಹೊಣೆ ಬೇರೆ ಎಂಬ ಮಾತು ಆ ಪುಟದಲ್ಲಿತ್ತು. ಅಕ್ಕಾರು ಒಮ್ಮೆ ಕಣ್ಣಾಡಿಸಿದರು. ಅದರ ಹಿಂದಿನ ಪುಟ ತಿರುವಿ ನೋಡಿದರು, ಯಾರ ಮಾತು ಎಂದು ಖಾತ್ರಿ ಮಾಡಿಕೊಂಡರು. ಆಮೇಲೆ ಓದಿದರು.

"ಹಾಗಾದರೆ ಕಾರ್ಖಾನೆ ಮುಚ್ಚಿಸಲೇ?" ನ್ಯಾಯಾಧೀಶರು ಕೇಳಿದರು. ಅದು ನಿಜವಾದ ಪ್ರಶ್ನೆಯೋ ಪರೀಕ್ಷೆಯೋ ತಿಳಿಯಲಿಲ್ಲ.

"ಬೇಡ ಸ್ವಾಮಿ. ಅರ್ಜಿಗೆ ಸಹಿ ಹಾಕಿದವಳ ಗಂಡ ಅಲ್ಲೇ ದುಡಿಯುತ್ತಾನೆ. ಅವರಿಗೆ ಸಂಬಳವೂ ಬೇಕು, ನೀರೂ ಬೇಕು. ಎರಡರಲ್ಲಿ ಒಂದನ್ನು ಆರಿಸಿಕೋ ಎಂದು ನಾವು ಅವರಿಗೆ ಹೇಳುವಂತಾಗಬಾರದು."

ಅವತ್ತೇ ಮಧ್ಯಂತರ ಆದೇಶವಾಯಿತು. ಕೊನೆಯ ತೀರ್ಪು ಬರುವವರೆಗೆ ಕಾರ್ಖಾನೆ ತನ್ನ ಖರ್ಚಿನಲ್ಲಿ ಕಾಲನಿಗೆ ಟ್ಯಾಂಕರ್ ನೀರು ಕಳಿಸಬೇಕು. ಹೊರಗೆ ಬಂದಾಗ ಹುಮನಾಬಾದಿನ ಹೆಂಗಸು ವರಾಂಡದ ಕಂಬಕ್ಕೆ ಒರಗಿ ನಿಂತಿದ್ದಳು. ಒಳಗಿನ ಇಂಗ್ಲಿಷು ಅವಳಿಗೆ ತಿಳಿದಿರಲಿಲ್ಲ. ಅಕ್ಕಾರು ಹೇಳಿದರು. ಅವಳು ಕೈಮುಗಿಯಲಿಲ್ಲ, ಕಣ್ಣೀರೂ ಹಾಕಲಿಲ್ಲ. "ಟ್ಯಾಂಕರ್ ಬಂದ ಮ್ಯಾಲ ನಂಬ್ತೀನ್ರಿ" ಎಂದಳು. ಅಕ್ಕಾರು, "ಶಾಣ್ಯಾಕಿ ಇದ್ದಿ" ಎಂದು ಅವಳ ಬೆನ್ನು ತಟ್ಟಿದರು. ಟ್ಯಾಂಕರ್ ಬಂತು.

ಟೀವಿಯ ವಕೀಲರು ಅಲ್ಲೇ ಮೆಟ್ಟಿಲ ಮೇಲೆ ಸಿಕ್ಕರು. ನಿಮ್ಮ ಇ-ಮೇಲ್ ನನ್ನಲ್ಲಿದೆ, ಈ ವೃತ್ತಿಯಲ್ಲಿ ಅಂಥದ್ದು ನನಗೆ ಬಂದದ್ದು ಇದೇ ಮೊದಲು ಎಂದು ಹೇಳಿ ಹೋದರು. ಆ ವಾರದ ತಮ್ಮ ಕಾರ್ಯಕ್ರಮವನ್ನು ಅವರು ಈ ಮಧ್ಯಂತರ ಆದೇಶಕ್ಕೇ ಮೀಸಲಿಟ್ಟರು. ಬೇರೆ ಯಾರೂ ಅದನ್ನು ಗಮನಿಸಲಿಲ್ಲ. ಅದರಲ್ಲಿ ದಂಡವಿರಲಿಲ್ಲ, ದೊಡ್ಡ ಅಂಕಿಯೂ ಇರಲಿಲ್ಲ.

ಕೊನೆಯ ತೀರ್ಪು ಬರಲು ಕಾಲ ಹಿಡಿಯಿತು. ಅಷ್ಟರಲ್ಲಿ ಇಂಟರ್ನೆಟ್ ಕಂಪನಿಗಳ ಭರಾಟೆ ಇಳಿದು, ನಮ್ಮದೂ ಮುಚ್ಚಿತು. ಮಾಲೀಕ ಎಲ್ಲರ ಸಂಬಳ ಚುಕ್ತಾ ಮಾಡಿ, ಅಕ್ಕಾರ ಕಾಲು ಮುಟ್ಟಿ, ಅಮೆರಿಕಕ್ಕೆ ಮರಳಿದ. ನಾನು ಅಕ್ಕಾರ ಜೂನಿಯರ್ ಆದೆ. ಬೇರೆ ವಕೀಲರ ಬಳಿ ಅಲೆಯುವ ಯೋಚನೆ ಮತ್ತೆ ಬರಲಿಲ್ಲ. ಮಹಡಿಯ ಮೇಲೆ ನಿಧಾನವಾಗಿ ಕೇಸುಗಳು ಬರತೊಡಗಿದವು. ಬಾಲಾನಗರದ ಕೆಲಸಗಾರರು, ಜೀಡಿಮೆಟ್ಲಾದ ಹೆಂಗಸರು, ಒಮ್ಮೊಮ್ಮೆ ಕೆಲಸ ಕಳೆದುಕೊಂಡ ಸಾಫ್ಟ್‌ವೇರ್ ಹುಡುಗರು. ಹೊಸಬರು ಬಂದಾಗ ಅಕ್ಕಾರು ಮೊದಲು ಅವರ ಮಾತನ್ನು ಪೂರ್ತಿ ಕೇಳುತ್ತಿದ್ದರು. ಆಮೇಲೆ, ನೀವು ಹೇಳಿದ್ದರಲ್ಲಿ ನಾನು ಅರ್ಥ ಮಾಡಿಕೊಂಡದ್ದು ಹೀಗೆ, ಸರಿಯೇ ಎಂದು ಅವರಿಗೇ ತಿರುಗಿ ಹೇಳುತ್ತಿದ್ದರು. ಈ ಅಭ್ಯಾಸ ಅವರಿಗೆ ಮೊದಲಿನಿಂದಲೂ ಇತ್ತೋ ಆ ತೀರ್ಪಿನ ನಂತರ ಬಂತೋ ನಾನು ಕೇಳಲಿಲ್ಲ. ಈಗ ನನಗೂ ಅಂಟಿಕೊಂಡಿದೆ.

ಕಾಲನಿಗೆ ಕೊಳವೆ ನೀರು ಕೊಡಬೇಕು, ಖರ್ಚನ್ನು ಕಾರ್ಖಾನೆ ಮತ್ತು ಪುರಸಭೆ ಹಂಚಿಕೊಳ್ಳಬೇಕು ಎಂದು ಕೋರ್ಟು ಕೊನೆಗೆ ಹೇಳಿತು. ಕಾರ್ಖಾನೆಯೊಳಗೆ ಕೊಳೆನೀರು ಶುದ್ಧಿ ಮಾಡುವ ಘಟಕವೂ ಆಯಿತು. ಬಾವಿಯ ಬಣ್ಣ ಮಾತ್ರ ತಿಳಿಯಾಗಲಿಲ್ಲ. ನೆಲದೊಳಗೆ ಇಳಿದದ್ದು ಹೊರಬರಲು ಎಷ್ಟು ಕಾಲ ಬೇಕೋ ಯಾರಿಗೂ ಗೊತ್ತಿರಲಿಲ್ಲ. ಅದನ್ನು ಅಕ್ಕಾರು ಯಾರಿಂದಲೂ ಮುಚ್ಚಿಡಲಿಲ್ಲ.

ಮೊದಲ ಸಲ ನಲ್ಲಿಯಲ್ಲಿ ನೀರು ಬಿಟ್ಟ ಬೆಳಿಗ್ಗೆ ಅವರಿಗೆ ಬರಲಾಗಲಿಲ್ಲ. ಕಣ್ಣಿನ ಪೊರೆ ತೆಗೆಸಿಕೊಂಡು ಪಟ್ಟಿ ಕಟ್ಟಿಸಿಕೊಂಡಿದ್ದರು. ನನ್ನನ್ನು ಕಳಿಸಿದರು. ನೀರು ಬಂದ ಮೇಲೆ ರಸ್ತೆಯ ಮೂಲೆಯ ಎಸ್‌ಟಿಡಿ ಬೂತಿಗೆ ಹೋಗಿ ಫೋನು ಮಾಡಿದೆ.

"ಬಂತ್ರಿ ಅಕ್ಕಾರ. ಜೋರಾಗಿ ಬರಾಕತ್ತೈತಿ."

"ಬಣ್ಣ?"

"ತಿಳಿ ಐತ್ರಿ."

"ರುಚಿ ಹೆಂಗೈತಿ?"

ನಾನು ಕುಡಿದಿರಲಿಲ್ಲ. ಹಾಗೆಯೇ ಹೇಳಿದೆ.

"ಹೋಗಿ ಕುಡಿದು ಬಾ. ಕಾಯ್ತೀನಿ."

ಹೋದೆ. ಹುಮನಾಬಾದಿನ ಹೆಂಗಸು ತುಂಬಿದ ಕೊಡದಿಂದ ತಂಬಿಗೆಗೆ ಬಗ್ಗಿಸಿ ಕೊಟ್ಟಳು. ಕುಡಿದೆ. ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು. ತಾನೂ ಒಂದು ಗುಟುಕು ಕುಡಿದಳು. ನಾನು ಮರಳಿ ಬೂತಿಗೆ ಬಂದು, "ಬ್ಲೀಚಿಂಗ್ ಪೌಡರ್ ವಾಸನಿ ಬರಾಕತ್ತೈತ್ರಿ" ಎಂದೆ.

ಆ ಕಡೆ ಅಕ್ಕಾರು ಜೋರಾಗಿ ನಕ್ಕದ್ದು ಕೇಳಿಸಿತು. ಹಾಗೆ ಅವರು ನಗುವುದು ಕಡಿಮೆ.

"ಹಂಗಾದ್ರ ನಮ್ಮ ಮನಿ ನಳದಾಗ ಬರೂ ನೀರೇ ಅದು" ಎಂದರು. "ಅವರಿಗೂ ಅದೇ ಬರಬೇಕಾಗಿತ್ತು."